ಹೆಡ್‌ಸೆಟ್ ಕಣ್ಣಿಗೆ ಹೊಂದಬೇಕು: ಪಿಡಿ, ಐ ಟ್ರ್ಯಾಕಿಂಗ್, ತಾನೇ ಸರಿಯುವ ಲೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದೊಂದು ಕನ್ನಡಕದ ಅಂಗಡಿ. ಅಪ್ಪನ ಕಾಲದಿಂದ ಇದೆ. ಈಚೆಗೆ ಹೊಸ ಥರದ ಗಿರಾಕಿಗಳು ಬರುತ್ತಿದ್ದಾರೆ. ಕೈಯಲ್ಲಿ, ಕಣ್ಣಿಗೆ ಕಟ್ಟಿಕೊಂಡು ಕಾಲ್ಪನಿಕ ಲೋಕ ನೋಡುವ ವಿಆರ್ ಹೆಡ್‌ಸೆಟ್ ಹಿಡಿದುಕೊಂಡು, "ಇದರಲ್ಲಿ ಮಂಜು ಮಂಜಾಗಿ ಕಾಣುತ್ತೆ, ನಂಬರ್ ಜಾಸ್ತಿ ಆಗಿದೆಯಾ ನೋಡಿ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಗೆ ತಂದಿಟ್ಟು ಹೋದದ್ದು, ಕಾಲೇಜು ಹುಡುಗರು ಪ್ರಾಜೆಕ್ಟ್‌ಗೆ ಅಂತ ಕೊಂಡದ್ದು, ಸಕಲೇಶಪುರದ ಕಡೆಯ ಹೋಂಸ್ಟೇಯವರು ಅತಿಥಿಗಳಿಗೆ ಇಟ್ಟದ್ದು, ಹೀಗೆ. ಬಹಳ ಸಲ ನಂಬರ್ ಸರಿಯಾಗಿಯೇ ಇರುತ್ತದೆ. ಲೆನ್ಸ್ ನಿಂತ ಜಾಗ ಸರಿ ಇರುವುದಿಲ್ಲ. ಕೌಂಟರ್ ಹಿಂದೆ ನಿಂತು ದಿನಾ ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪಿಡಿ ಅಂದರೆ ಏನು? ಹೆಡ್‌ಸೆಟ್‌ನವರು ಹೇಳುವ ಐಪಿಡಿ ಬೇರೆಯಾ?

ಎರಡೂ ಒಂದೇ. ಎಡಗಣ್ಣಿನ ಪಾಪೆಯ ನಡುವಿನಿಂದ ಬಲಗಣ್ಣಿನ ಪಾಪೆಯ ನಡುವಿಗೆ ಇರುವ ದೂರ. ದೊಡ್ಡವರಲ್ಲಿ ಇದು ಸರಾಸರಿ 63 ಮಿಲಿಮೀಟರ್. ಹೆಚ್ಚಿನವರು 54ರಿಂದ 74ರ ಒಳಗೆ ಬರುತ್ತಾರೆ. ಗಂಡಸರಿಗೆ ಸ್ವಲ್ಪ ಜಾಸ್ತಿ, ಹೆಂಗಸರಿಗೆ ಸ್ವಲ್ಪ ಕಮ್ಮಿ. ಆದರೆ ಮುಖ ನೋಡಿ ಹೇಳಲು ಆಗುವುದಿಲ್ಲ. ಇಷ್ಟು ವರ್ಷ ಅಳೆದ ಮೇಲೂ ನನ್ನ ಅಂದಾಜು ತಪ್ಪುತ್ತದೆ. ಅಗಲ ಮುಖದವರ ಪಿಡಿ 60 ಇರುತ್ತದೆ, ಸಣ್ಣ ಮುಖದವರದು 66 ಬಂದುಬಿಡುತ್ತದೆ. ಅಳೆಯಲೇಬೇಕು.

ಎರಡು ಮೂರು ಮಿಲಿಮೀಟರ್‌ಗೆ ಇಷ್ಟೊಂದು ರಗಳೆ ಯಾಕೆ?

ಮೊದಲು ಕನ್ನಡಕದ ಲೆಕ್ಕ ಹೇಳುತ್ತೇನೆ. ನಿಮ್ಮದು ಮೈನಸ್ 5 ಪವರ್ ಅಂದುಕೊಳ್ಳಿ. ಲೆನ್ಸಿನ ಸೆಂಟರ್ ನಿಮ್ಮ ಪಾಪೆಯಿಂದ 2 ಮಿಲಿಮೀಟರ್ ಪಕ್ಕಕ್ಕೆ ಹೋದರೆ, ಆ ಕಣ್ಣಿನ ಮುಂದೆ 1 ಪವರ್‌ನ ಪ್ರಿಸಂ, ಅಂದರೆ ಬೆಳಕನ್ನು ಪಕ್ಕಕ್ಕೆ ಬಾಗಿಸುವ ಗಾಜು, ಇಟ್ಟ ಹಾಗೆ. ನೋಡಿದ್ದು ಸ್ವಲ್ಪ ಸರಿದು ಕಾಣುತ್ತದೆ. ಎರಡು ಚಿತ್ರವನ್ನು ಒಂದು ಮಾಡಲು ಕಣ್ಣಿನ ಸ್ನಾಯುಗಳು ಇಡೀ ದಿನ ಎಳೆದಾಡುತ್ತವೆ. ಸಂಜೆಗೆ ಹಣೆ ನೋವು.

ಹೆಡ್‌ಸೆಟ್‌ನಲ್ಲಿ ತೊಂದರೆ ಎರಡು ಕಡೆಯಿಂದ ಬರುತ್ತದೆ. ಒಂದು, ಅದರ ಲೆನ್ಸ್ ನಡುವಿನಲ್ಲಿ ಚೆನ್ನಾಗಿ ತೋರಿಸುತ್ತದೆ, ಅಂಚಿಗೆ ಹೋದಷ್ಟೂ ಮಂಜು ಮತ್ತು ಡೊಂಕು. ನಿಮ್ಮ ಪಾಪೆ ನಡುವಿನಲ್ಲಿ ಇಲ್ಲದಿದ್ದರೆ ಒಂದು ಕಣ್ಣಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ. ಎರಡು, ಒಳಗೆ ಕಾಣುವ ಲೋಕವನ್ನು ಸಾಫ್ಟ್‌ವೇರ್ ಎರಡು ಕಾಲ್ಪನಿಕ ಕ್ಯಾಮೆರಾಗಳಿಂದ ಬಿಡಿಸುತ್ತದೆ. ಆ ಕ್ಯಾಮೆರಾಗಳ ನಡುವಿನ ದೂರ ನಿಮ್ಮ ಪಿಡಿಗೆ ಹೊಂದಬೇಕು. ಅದು ಕಮ್ಮಿಯಾದರೆ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ದೂರವಾಗಿ ಕಾಣುತ್ತದೆ. ಜಾಸ್ತಿಯಾದರೆ ಮನೆಗಳು ಗೊಂಬೆಮನೆ ಥರ. ಕೈ ಚಾಚಿ ಹಿಡಿಯಲು ಹೋದದ್ದು ಕೈಗೆ ಸಿಗುವುದಿಲ್ಲ.

ನನಗೆ ಇದೆಲ್ಲ ಆಗಿಬರಲ್ಲ ಅಂತ ಬಿಟ್ಟುಬಿಟ್ಟೆ. ಸರಿ ಅಲ್ವಾ?

ದಯವಿಟ್ಟು ಹಾಗೆ ತೀರ್ಮಾನ ಮಾಡಬೇಡಿ. ಈ ಪ್ರಶ್ನೆ ನನ್ನ ಮನೆಯದೂ ಹೌದು.

ನನ್ನ ತಂಗಿ ಒಂದು ತರಬೇತಿಗೆ ಹೋಗಿದ್ದಳು. ಇಪ್ಪತ್ತು ಜನಕ್ಕೆ ಒಂದೇ ಹೆಡ್‌ಸೆಟ್, ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ. ಹತ್ತು ನಿಮಿಷಕ್ಕೆ ಅವಳಿಗೆ ಹೊಟ್ಟೆ ತೊಳೆಸಿತು. ಹೊರಗೆ ಬಂದು ವಾಂತಿ ಮಾಡಿಕೊಂಡಳು. ಹೇಳಿಕೊಡುವವರು, "ಕೆಲವು ಹೆಂಗಸರಿಗೆ ಇದು ಒಗ್ಗಲ್ಲ" ಅಂದರಂತೆ. ಉಳಿದ ದಿನಗಳು ಅವಳು ಹಿಂದಿನ ಸಾಲಿನಲ್ಲಿ ಕೂತು ಬೇರೆಯವರು ಮಾಡುವುದನ್ನು ನೋಡಿದಳು. ಮನೆಗೆ ಬಂದಾಗ ಅಳೆದೆ. 57. ಆ ಹೆಡ್‌ಸೆಟ್‌ನಲ್ಲಿ 58, 63, 68 ಅಂತ ಮೂರು ಹಂತ ಇತ್ತು. ಅವಳಿಗಿಂತ ಮುಂಚೆ ಹಾಕಿದವರು 68ಕ್ಕೆ ಇಟ್ಟಿದ್ದರು. ಯಾರೂ ತಿರುಗಿಸಿ ನೋಡಿರಲಿಲ್ಲ. ಅದೇ ಮಾದರಿಯನ್ನು ಒಬ್ಬ ಗಿರಾಕಿಯಿಂದ ಕೇಳಿ ತಂದು, 58ಕ್ಕೆ ಇಟ್ಟು ಕೊಟ್ಟೆ. ಅರ್ಧ ಗಂಟೆ ಆರಾಮಾಗಿ ನೋಡಿದಳು. ತೆಗೆದಿಟ್ಟು, "ಹಾಗಾದರೆ ತಪ್ಪು ನನ್ನದಲ್ಲ" ಅಂದಳು. ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

2020ರಲ್ಲಿ ಅಮೆರಿಕದ ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ ಬರೆದರು. ವಿಆರ್‌ನಲ್ಲಿ ಹೆಂಗಸರಿಗೆ ಜಾಸ್ತಿ ತಲೆಸುತ್ತು ಬರುತ್ತದೆ ಅನ್ನುವ ಮಾತಿಗೆ ಮುಖ್ಯ ಕಾರಣ ಲೆನ್ಸ್‌ಗಳ ದೂರ ಅವರ ಕಣ್ಣಿಗೆ ಹೊಂದದೆ ಇದ್ದದ್ದು. ಸರಿಯಾಗಿ ಹೊಂದಿಸಿಕೊಳ್ಳಲು ಸಾಧ್ಯವಾದ ಹೆಂಗಸರಿಗೆ ಗಂಡಸರಿಗೆ ಆದಷ್ಟೇ ತೊಂದರೆ ಆಯಿತು.

ಐ ಟ್ರ್ಯಾಕಿಂಗ್ ಇರುವ ಹೆಡ್‌ಸೆಟ್ ನನ್ನ ಪಿಡಿಯನ್ನು ಹೇಗೆ ಅಳೆಯುತ್ತದೆ?

ಐ ಟ್ರ್ಯಾಕಿಂಗ್ ಅಂದರೆ ಕಣ್ಣು ಎಲ್ಲಿದೆ, ಯಾವ ಕಡೆ ನೋಡುತ್ತಿದೆ ಅಂತ ಯಂತ್ರ ಗಮನಿಸುತ್ತಾ ಇರುವುದು. ಲೆನ್ಸ್ ಸುತ್ತ ಸಣ್ಣ ಸಣ್ಣ ಇನ್‌ಫ್ರಾರೆಡ್ ಎಲ್‌ಇಡಿ ದೀಪಗಳಿರುತ್ತವೆ. ಪಕ್ಕದಲ್ಲಿ ಪುಟ್ಟ ಕ್ಯಾಮೆರಾ. ಆ ಬೆಳಕು ನಮಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಟಿವಿ ರಿಮೋಟ್ ಒತ್ತಿ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಬಣ್ಣದ ಚುಕ್ಕಿ ಮಿನುಗುತ್ತದಲ್ಲ, ಅದೇ ಜಾತಿಯ ಬೆಳಕು. ಕೆಲವು ಹೆಡ್‌ಸೆಟ್‌ಗಳ ಒಳಗೂ ಹಾಗೇ ನೋಡಬಹುದು.

ಕ್ಯಾಮೆರಾ ಎರಡು ಗುರುತು ಹುಡುಕುತ್ತದೆ. ಒಂದು ಪಾಪೆ, ಅದು ಕಪ್ಪು ಗುಂಡಿ ಥರ ಕಾಣುತ್ತದೆ. ಇನ್ನೊಂದು, ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾದ ಮೇಲೆ ಹೊಳೆಯುವ ಎಲ್‌ಇಡಿಗಳ ಪ್ರತಿಬಿಂಬ. ಕಾರ್ನಿಯಾದ ಬಾಗು ಸುಮಾರು 7.8 ಮಿಲಿಮೀಟರ್ ತ್ರಿಜ್ಯದ್ದು, ಜನರಿಂದ ಜನಕ್ಕೆ ಹೆಚ್ಚು ಬದಲಾಗುವುದಿಲ್ಲ. ದೀಪ ಎಲ್ಲಿದೆ, ಕ್ಯಾಮೆರಾ ಎಲ್ಲಿದೆ ಅನ್ನುವುದು ಯಂತ್ರಕ್ಕೆ ಮೊದಲೇ ಗೊತ್ತು. ಹೊಳಪು ಬಿದ್ದ ಜಾಗ ನೋಡಿ ಕಣ್ಣು ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಎಡ ಬಲ ಮಾತ್ರ ಅಲ್ಲ, ಮೇಲೆ ಕೆಳಗೆ, ಲೆನ್ಸಿಗೆ ಎಷ್ಟು ಹತ್ತಿರ ಅನ್ನುವುದೂ ಸಿಗುತ್ತದೆ. ನನ್ನ ಸ್ಕೇಲಿಗೆ ಈ ಕೊನೆಯದು ಸಿಗುವುದಿಲ್ಲ.

ನಮ್ಮ ಕಡೆಯವರ ಕಣ್ಣು ಹೆಚ್ಚಾಗಿ ಕಡು ಕಂದು. ಟ್ಯೂಬ್‌ಲೈಟ್ ಕೆಳಗೆ ಪಾಪೆ ಎಲ್ಲಿ ಮುಗಿಯಿತು, ಬಣ್ಣದ ವರ್ತುಲ ಎಲ್ಲಿ ಶುರುವಾಯಿತು ಅಂತ ಹುಡುಕುವುದೇ ಕಷ್ಟ. ಆದರೆ ಇನ್‌ಫ್ರಾರೆಡ್‌ನಲ್ಲಿ ಕಂದು ವರ್ತುಲ ತಿಳಿಯಾಗಿ ಕಾಣುತ್ತದೆ, ಪಾಪೆ ಎದ್ದು ನಿಲ್ಲುತ್ತದೆ. ಮೊದಲ ಸಲ ಅಂಥ ಚಿತ್ರ ನೋಡಿದಾಗ ನನಗೆ ತುಂಬಾ ಖುಷಿಯಾಯಿತು.

ಒಂದು ತೊಡಕು ಇದೆ. ಹತ್ತಿರ ನೋಡುವಾಗ ಎರಡೂ ಪಾಪೆ ಮೂಗಿನ ಕಡೆ ಸರಿಯುತ್ತವೆ. ಓದುವ ದೂರದಲ್ಲಿ ಪಿಡಿ 3-4 ಮಿಲಿಮೀಟರ್ ಕಮ್ಮಿ ಬರುತ್ತದೆ. ಹಾಗಾಗಿ ಯಂತ್ರ ಪಾಪೆಯನ್ನಷ್ಟೇ ನೋಡಿದರೆ ಸಾಲದು. ಕಣ್ಣು ಯಾವ ಕಡೆ ತಿರುಗಿದೆ ಅಂತಲೂ ತಿಳಿದು ಲೆಕ್ಕ ಸರಿಮಾಡಿಕೊಳ್ಳಬೇಕು. ಶುರುವಿನಲ್ಲಿ "ಈ ಚುಕ್ಕಿ ನೋಡಿ, ಆ ಚುಕ್ಕಿ ನೋಡಿ" ಅನ್ನುತ್ತದಲ್ಲ, ಅದಕ್ಕೂ ಕಾರಣವಿದೆ. ಕಣ್ಣು ನಿಜವಾಗಿ ನೋಡುವ ಗೆರೆ, ಕಣ್ಣುಗುಡ್ಡೆಯ ನೇರ ಗೆರೆಯಿಂದ ಸುಮಾರು 5 ಡಿಗ್ರಿ ಓರೆ. ಅದು ಒಬ್ಬೊಬ್ಬರದು ಒಂದೊಂದು ಥರ. ಚುಕ್ಕಿ ನೋಡುವಾಗ ಅವಸರ ಮಾಡಬೇಡಿ.

ಅಳೆದ ಮೇಲೆ ಲೆನ್ಸ್ ಸರಿಸುವುದು ಯಾರು?

ಹೆಡ್‌ಸೆಟ್ ನೋಡಿಕೊಂಡು. ಕೆಲವದರಲ್ಲಿ ಮೋಟರ್ ಇರುತ್ತದೆ. 2024ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಪಲ್ ವಿಷನ್ ಪ್ರೊ 51ರಿಂದ 75 ಮಿಲಿಮೀಟರ್‌ವರೆಗೆ ತಾನೇ ಸರಿಸಿಕೊಳ್ಳುತ್ತದೆ. ವಾರ್ಯೊ ಏರೋದಲ್ಲಿ 57ರಿಂದ 73. ಇನ್ನು ಕೆಲವು ಕಣ್ಣು ನೋಡಿ ದಾರಿ ಹೇಳುತ್ತವೆ, ತಿರುಗಿಸುವುದು ನೀವೇ. 2023ರ ಪ್ಲೇಸ್ಟೇಷನ್ ವಿಆರ್ 2 ಹಾಗೆ. ನಿಮ್ಮ ಕಣ್ಣು ಎಲ್ಲಿದೆ ಅಂತ ಪರದೆ ಮೇಲೆ ತೋರಿಸುತ್ತದೆ, ನೀವು ಮೇಲಿನ ಚಕ್ರ ತಿರುಗಿಸಿ ಹೊಂದಿಸುತ್ತೀರಿ. ಕ್ವೆಸ್ಟ್ 2ರಲ್ಲಿ ಐ ಟ್ರ್ಯಾಕಿಂಗ್ ಇಲ್ಲ, ಮೂರು ಹಂತ ಮಾತ್ರ. 2019ರ ರಿಫ್ಟ್ ಎಸ್‌ನಲ್ಲಿ ಲೆನ್ಸ್ ಅಲುಗುತ್ತಲೇ ಇರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಸಂಖ್ಯೆ ಬದಲಿಸಬಹುದಿತ್ತು ಅಷ್ಟೆ. ಅದು ಕಾಲ್ಪನಿಕ ಕ್ಯಾಮೆರಾವನ್ನು ಸರಿಮಾಡುತ್ತದೆ, ಲೆನ್ಸಿನ ನಡುವನ್ನು ನಿಮ್ಮ ಪಾಪೆಯ ಮುಂದೆ ತರುವುದಿಲ್ಲ.

ಹಳೇಬೀಡಿನ ಹತ್ತಿರದ ಊರಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಹುಡುಗ ಹೊರದೇಶದಿಂದ ತಂದ ಮೋಟರ್ ಇರುವ ಹೆಡ್‌ಸೆಟ್. ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ತಾನು ತೆಗೆದ ತ್ರೀಡಿ ಫೋಟೊಗಳನ್ನು ಅಜ್ಜಿಗೆ ತೋರಿಸಬೇಕು ಅಂತ ಅವನಿಗೆ ಆಸೆ. ಅಲ್ಲಿನ ಶಿಲಾಬಾಲಿಕೆಯರು ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ. ಕತ್ತು ನೋಯುವಷ್ಟು ಮೇಲೆ ನೋಡಿದರೂ ಮುಖ ಸರಿಯಾಗಿ ಕಾಣುವುದಿಲ್ಲ. ಹುಡುಗ ತನ್ನ ಹೊಂದಾಣಿಕೆಯಲ್ಲೇ ಅಜ್ಜಿಗೆ ಹಾಕಿಬಿಟ್ಟಿದ್ದ. ಅವನದು 69, ಅಜ್ಜಿಯದು 56. "ಎರಡೆರಡು ಕನ್ನಡಿ ಹಿಡ್ಕೊಂಡಿದ್ದಾಳಲ್ಲೋ" ಅಂದರು ದರ್ಪಣಸುಂದರಿ ನೋಡಿ. ಹೊಸಬರು ಅಂತ ಹೇಳಿ ಮತ್ತೆ ಶುರು ಮಾಡಿಸಿದೆ. ಮೇಲಿನ ಗುಂಡಿ ಒತ್ತಿ ಹಿಡಿದಾಗ ಒಳಗೆ ಸಣ್ಣ ಗುಂಯ್ ಶಬ್ದ. ಲೆನ್ಸ್‌ಗಳು ಒಂದರ ಹತ್ತಿರ ಒಂದು ಬಂದವು. ಅಜ್ಜಿ ಸುಮ್ಮನೆ ಕೂತರು. ಆಮೇಲೆ ಕೈ ಎತ್ತಿ ಗಾಳಿಯಲ್ಲಿ ಆ ಕನ್ನಡಿಯ ಅಂಚು ಮುಟ್ಟಲು ಹೋದರು.

ಮೋಟರ್ ಇರುವುದನ್ನೇ ಕೊಳ್ಳಬೇಕಾ?

ಒಬ್ಬರೇ ಬಳಸುವುದಾದರೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಿಡಿ ಗೊತ್ತಿದ್ದು, ಚಕ್ರ ಇದ್ದರೆ ಸಾಕು. ಒಮ್ಮೆ ಹೊಂದಿಸಿದರೆ ಮುಗಿಯಿತು. ಹತ್ತಾರು ಜನ ಹಾಕುವ ಕಡೆ ಮಾತ್ರ ಮೋಟರಿಗೆ ಕೊಟ್ಟ ದುಡ್ಡು ಸಾರ್ಥಕ. ಶಾಲೆ, ತರಬೇತಿ, ಹೋಂಸ್ಟೇ ಇಲ್ಲೆಲ್ಲ "ನಿಮ್ಮ ಪಿಡಿ ಎಷ್ಟು" ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನನ್ನ ನಂಬರನ್ನೂ ಅದೇ ಕಂಡುಹಿಡಿಯುತ್ತಾ?

ಇಲ್ಲ. ಕಣ್ಣು ಎಲ್ಲಿದೆ ಅಂತ ನೋಡುತ್ತದೆಯೇ ಹೊರತು, ಕಣ್ಣಿಗೆ ಎಷ್ಟು ಪವರ್ ಬೇಕು ಅಂತ ಅಲ್ಲ. ಅದಕ್ಕೆ ಕಣ್ಣಿನ ಪರೀಕ್ಷೆಯೇ ಆಗಬೇಕು.

ಹಾಗಾದರೆ ಕನ್ನಡಕದ ಮೇಲೆಯೇ ಹಾಕಬಹುದಾ?

ಹಲವು ಹೆಡ್‌ಸೆಟ್‌ಗಳಲ್ಲಿ ಆಗುತ್ತದೆ. ಆದರೆ ಎರಡು ಲೆನ್ಸ್ ಒಂದಕ್ಕೊಂದು ಉಜ್ಜಿ ಗೀರು ಬಿದ್ದದ್ದನ್ನು ಬೇಕಾದಷ್ಟು ನೋಡಿದ್ದೇನೆ, ನಡುವೆ ಜಾಗ ಇದೆಯಾ ನೋಡಿಕೊಳ್ಳಿ. ವಿಷನ್ ಪ್ರೊ ಒಳಗೆ ಕನ್ನಡಕ ಹಾಕುವ ಹಾಗಿಲ್ಲ. ಅದಕ್ಕೆ ಅಯಸ್ಕಾಂತದಲ್ಲಿ ಕೂರುವ ಝೈಸ್ ಲೆನ್ಸ್ ಮಾಡಿಸಬೇಕು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಐ ಟ್ರ್ಯಾಕಿಂಗ್ ಕೆಡಿಸಬಹುದು, ಅದರ ಮೇಲೂ ದೀಪ ಹೊಳೆಯುತ್ತದೆ.

ನಲವತ್ತು ದಾಟಿದವರಿಗೆ ಒಂದು ಮಾತು. ಪರದೆ ಕಣ್ಣಿನ ಹತ್ತಿರವೇ ಇದ್ದರೂ, ಲೆನ್ಸ್ ಅದನ್ನು ಒಂದೆರಡು ಮೀಟರ್ ದೂರದಲ್ಲಿ ಇದ್ದ ಹಾಗೆ ತೋರಿಸುತ್ತದೆ. ಆದ್ದರಿಂದ ಓದುವ ಕನ್ನಡಕ ಹಾಕಿಕೊಂಡರೆ ಸಾಮಾನ್ಯವಾಗಿ ಮಂಜಾಗುತ್ತದೆ. ದೂರದ ಕನ್ನಡಕ ಇದ್ದರೆ ಅದನ್ನು ಹಾಕಿ.

ಕಾಡಿಗೆ ಹಚ್ಚಿದರೆ ತೊಂದರೆಯಾ?

ಆಗಬಹುದು. ಯಂತ್ರ ಹುಡುಕುವುದೇ ಕಪ್ಪು ಗುಂಡಿಯನ್ನು. ದಪ್ಪ ಕಾಡಿಗೆ, ಮಸ್ಕಾರಾ ಇದ್ದರೆ ಗೊಂದಲ ಆಗುತ್ತದೆ. ಚುಕ್ಕಿ ನೋಡಿಸುವ ಹಂತ ಮತ್ತೆ ಮತ್ತೆ ವಿಫಲವಾದರೆ ಒರೆಸಿ ಇನ್ನೊಮ್ಮೆ ಮಾಡಿ. ಲೆನ್ಸಿನ ಮೇಲೆ ಎಣ್ಣೆ ಬೆವರು ಇದ್ದರೂ ಇದೇ ಕಥೆ.

ನನ್ನ ಮಗನಿಗೆ ಮೆಳ್ಳೆಗಣ್ಣು. ತಾನೇ ಹೊಂದಿಸುವ ಯಂತ್ರ ತಪ್ಪು ಮಾಡುತ್ತಾ?

ಮಾಡುವ ಸಾಧ್ಯತೆ ಇದೆ. ಒಂದು ಕಣ್ಣು ಒಳಗೋ ಹೊರಗೋ ತಿರುಗಿದ್ದರೆ ಪಾಪೆಗಳ ದೂರ ಬೇರೆಯೇ ಬರುತ್ತದೆ. ನಾವು ಅಂಗಡಿಯಲ್ಲಿ ಒಂದು ಕಣ್ಣು ಮುಚ್ಚಿಸಿ ಇನ್ನೊಂದನ್ನು ಅಳೆಯುತ್ತೇವೆ, ಆಮೇಲೆ ಅದಲು ಬದಲು. ಆ ಅಳತೆ ತೆಗೆದುಕೊಂಡು, ಕೈಯಿಂದ ಹೊಂದಿಸಲು ಬರುವ ಹೆಡ್‌ಸೆಟ್‌ನಲ್ಲಿ ಹಾಗೇ ಇಡಿ. ವಿಷನ್ ಪ್ರೊದಲ್ಲಿ ಒಂದೇ ಕಣ್ಣನ್ನು ನೋಡಿ ಕೆಲಸ ಮಾಡು ಅಂತ ಹೇಳುವ ಆಯ್ಕೆ ಇದೆ. ಆದರೆ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಕೇಳಿ. ಮಕ್ಕಳ ಮೆಳ್ಳೆಗಣ್ಣಿಗೆ ಬೇಗ ಚಿಕಿತ್ಸೆ ಆದಷ್ಟೂ ಒಳ್ಳೆಯದು, ಹೆಡ್‌ಸೆಟ್ ವಿಷಯ ಆಮೇಲೆ.

ಮಕ್ಕಳು ಹಾಕಬಹುದಾ?

ವಿಷನ್ ಪ್ರೊಗೆ ಕಂಪನಿ ಹೇಳುವ ವಯಸ್ಸು 13. ಪ್ಲೇಸ್ಟೇಷನ್ ವಿಆರ್ 2ಕ್ಕೆ 12. ಸಣ್ಣ ಮಕ್ಕಳ ಪಿಡಿ ಎಷ್ಟೋ ಹೆಡ್‌ಸೆಟ್‌ಗಳ ಅತಿ ಕಮ್ಮಿ ಹಂತಕ್ಕಿಂತಲೂ ಕೆಳಗಿರುತ್ತದೆ, ಹದಿವಯಸ್ಸು ಮುಗಿಯುವವರೆಗೂ ಬೆಳೆಯುತ್ತದೆ. ಲೆನ್ಸ್ ಅಷ್ಟು ಹತ್ತಿರ ಬರದಿದ್ದರೆ ಎಂಥ ಮೋಟರೂ ಏನೂ ಮಾಡಲಾರದು.

ನನ್ನ ಕಣ್ಣುಗಳು ಮೂಗಿನಿಂದ ಸಮ ದೂರದಲ್ಲಿಲ್ಲ. ಅದಕ್ಕೇನು?

ಬಹಳ ಜನಕ್ಕೆ ಹಾಗೇ. ಒಂದು ಕಡೆ 30, ಇನ್ನೊಂದು ಕಡೆ 32. ಕನ್ನಡಕಕ್ಕೆ ನಾವು ಎರಡನ್ನೂ ಬೇರೆ ಬೇರೆ ಬರೆಯುತ್ತೇವೆ. ಒಂದೇ ಚಕ್ರ ಇರುವ ಹೆಡ್‌ಸೆಟ್‌ನಲ್ಲಿ ಎರಡೂ ಲೆನ್ಸ್ ಸಮನಾಗಿ ಸರಿಯುತ್ತವೆ. ಒಟ್ಟು ಪಿಡಿ ಹೊಂದಿಸಿ, ಆಮೇಲೆ ಇಡೀ ಹೆಡ್‌ಸೆಟ್ಟನ್ನು ಮುಖದ ಮೇಲೆ ಒಂದು ಚೂರು ಪಕ್ಕಕ್ಕೆ ಸರಿಸಿ ನೋಡಿ. ಎರಡೂ ಕಣ್ಣಿಗೆ ಅಕ್ಷರ ಸಮನಾಗಿ ಚೂಪಾದ ಜಾಗ ಸಿಗುತ್ತದೆ.

ಎಲ್ಲ ಸರಿಯಾಗಿ ಹೊಂದಿಸಿದರೂ ತಲೆ ಸುತ್ತುತ್ತೆ. ಯಾಕೆ?

ಶಿರಾಡಿ ಘಾಟ್‌ನಲ್ಲಿ ಬಸ್ಸಿನಲ್ಲಿ ಕೂತು ಫೋನ್ ನೋಡಿದ್ದೀರಾ? ತಿರುವುಗಳಲ್ಲಿ ಒಳಕಿವಿ "ಅಲುಗಾಡುತ್ತಿದ್ದೇವೆ" ಅನ್ನುತ್ತದೆ, ಕಣ್ಣು "ಇಲ್ಲ, ಅಕ್ಷರ ನಿಂತಲ್ಲೇ ಇದೆ" ಅನ್ನುತ್ತದೆ. ಮಾರನಹಳ್ಳಿ ದಾಟುವಷ್ಟರಲ್ಲಿ ನಿಂಬೆಹಣ್ಣು ಬೇಕಾಗುತ್ತದೆ. ವಿಆರ್‌ನಲ್ಲಿ ಇದರ ತಿರುಗುಮುರುಗು. ಕಣ್ಣು ಓಡುತ್ತಿದೆ, ಮೈ ಕುರ್ಚಿಯಲ್ಲಿದೆ. ಇದನ್ನು ಪಿಡಿ ಸರಿಮಾಡಿ ಕಳೆಯಲು ಆಗುವುದಿಲ್ಲ. ಓಡಾಟ ಇಲ್ಲದ ಆಟ, ನಿಂತು ನೋಡುವ ಚಿತ್ರಗಳಿಂದ ಶುರು ಮಾಡಿ. ಹತ್ತು ನಿಮಿಷ ಸಾಕು.

ಇನ್ನೊಂದು ಕಾರಣವೂ ಇದೆ. ಒಳಗೆ ವಸ್ತು ಹತ್ತಿರ ಬಂದ ಹಾಗೆ ಕಂಡಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಆದರೆ ಫೋಕಸ್ ಮಾತ್ರ ಆ ಒಂದೆರಡು ಮೀಟರ್‌ನಲ್ಲೇ ಇರಬೇಕು. ನಿಜ ಲೋಕದಲ್ಲಿ ಈ ಎರಡೂ ಜೊತೆಜೊತೆಗೇ ಹೋಗುತ್ತವೆ. ಇಲ್ಲಿ ಹೋಗುವುದಿಲ್ಲ, ಕಣ್ಣು ದಣಿಯುತ್ತದೆ.

ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಅಪಾಯ ಅಲ್ವಾ?

ಇಲ್ಲಿ ಬಳಸುವುದು ಬಹಳ ಮಂದ ಬೆಳಕು. ದೀಪಗಳಿಂದ ಕಣ್ಣಿಗೆ ಆಗುವ ಅಪಾಯ ಅಳೆಯಲು ಐಇಸಿ 62471 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಹೆಸರಿರುವ ಕಂಪನಿಯದೇ ಕೊಳ್ಳಿ.

ನನ್ನ ಕಣ್ಣಿನ ಮಾಹಿತಿ ಯಾರ ಕೈಗೆ ಹೋಗುತ್ತೆ?

ಕೇಳಲೇಬೇಕಾದ ಪ್ರಶ್ನೆ. ಪಿಡಿ ಒಂದು ಸಂಖ್ಯೆ ಅಷ್ಟೆ. ಆದರೆ ನೀವು ಏನನ್ನು ಎಷ್ಟು ಹೊತ್ತು ನೋಡಿದಿರಿ ಅನ್ನುವುದು ನಿಮ್ಮ ಮನಸ್ಸಿನ ವಿಷಯ. ವಿಷನ್ ಪ್ರೊದಲ್ಲಿ ನೀವು ಎಲ್ಲಿ ನೋಡುತ್ತಿದ್ದೀರಿ ಅನ್ನುವುದನ್ನು ಆಪ್‌ಗಳಿಗೆ ಕೊಡುವುದಿಲ್ಲ, ಬೆರಳು ಚಿವುಟಿ ಆರಿಸಿದ್ದು ಮಾತ್ರ ತಿಳಿಯುತ್ತದೆ. ಕ್ವೆಸ್ಟ್ ಪ್ರೊದಲ್ಲಿ ಐ ಟ್ರ್ಯಾಕಿಂಗ್ ಮೊದಲಿಗೆ ಆಫ್ ಇರುತ್ತದೆ, ನೀವೇ ಒಪ್ಪಿ ಆನ್ ಮಾಡಬೇಕು. ಆಪ್ ಒಂದೊಂದಾಗಿ ಅನುಮತಿ ಕೇಳಿದಾಗ ಸುಮ್ನೆ ಓಕೆ ಒತ್ತಬೇಡಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಅವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಶಾಲೆಗಳಲ್ಲಿ ಹೆಡ್‌ಸೆಟ್ ಇಡುವವರು ಇದನ್ನು ನೆನಪಿಡಬೇಕು.

ನನ್ನ ಹೆಡ್‌ಸೆಟ್‌ನಲ್ಲಿ ಐ ಟ್ರ್ಯಾಕಿಂಗ್ ಇಲ್ಲ. ಮನೆಯಲ್ಲೇ ಪಿಡಿ ಅಳೆಯುವುದು ಹೇಗೆ?

ಮಿಲಿಮೀಟರ್ ಗೆರೆ ಇರುವ ಸ್ಕೇಲ್ ಮತ್ತು ಜೊತೆಗೆ ಇನ್ನೊಬ್ಬರು ಬೇಕು. ಎದುರುಬದುರು, ಒಂದೇ ಎತ್ತರದಲ್ಲಿ, ಒಂದು ಮೊಳಕ್ಕಿಂತ ಸ್ವಲ್ಪ ಹತ್ತಿರ ಕೂತುಕೊಳ್ಳಿ. ಅಳೆಯುವವರು ಸ್ಕೇಲನ್ನು ನಿಮ್ಮ ಮೂಗಿನ ಮೇಲೆ ಅಡ್ಡ ಇಟ್ಟು, ತಮ್ಮ ಬಲಗಣ್ಣು ಮುಚ್ಚಲಿ. ನೀವು ಅವರ ತೆರೆದ ಎಡಗಣ್ಣನ್ನೇ ನೋಡಿ. ಅವರು ಸ್ಕೇಲಿನ ಸೊನ್ನೆಯನ್ನು ನಿಮ್ಮ ಬಲಗಣ್ಣಿನ ಪಾಪೆಯ ನಡುವಿಗೆ ಸರಿಯಾಗಿ ಇಡಲಿ. ಈಗ ಸ್ಕೇಲ್ ಅಲುಗಿಸದೆ ಅವರು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಲಿ, ನೀವು ಅದನ್ನು ನೋಡಿ. ನಿಮ್ಮ ಎಡಗಣ್ಣಿನ ಪಾಪೆಯ ನಡುವಿಗೆ ಬರುವ ಸಂಖ್ಯೆ ನಿಮ್ಮ ಪಿಡಿ.

ಕಡು ಕಂದು ಕಣ್ಣಿನಲ್ಲಿ ಪಾಪೆ ಕಾಣದಿದ್ದರೆ, ಬಣ್ಣದ ವರ್ತುಲ ಬಿಳಿಗುಡ್ಡೆಗೆ ಸೇರುವ ಅಂಚನ್ನು ಹಿಡಿಯಿರಿ. ಬಲಗಣ್ಣಿನ ಹೊರ ಅಂಚಿನಿಂದ ಎಡಗಣ್ಣಿನ ಮೂಗಿನ ಕಡೆಯ ಅಂಚಿಗೆ. ಅದೂ ಅಷ್ಟೇ ಬರುತ್ತದೆ. ಮೂರು ಸಲ ಅಳೆಯಿರಿ. ಒಂದು ಮಿಲಿಮೀಟರ್ ಆಚೀಚೆ ಆದರೆ ಚಿಂತೆ ಬೇಡ.

ಹೋಂಸ್ಟೇಯಲ್ಲಿ ಮಳೆಗಾಲಕ್ಕೆ ಹೆಡ್‌ಸೆಟ್ ಮಬ್ಬಾಗಿದೆ. ಇದೂ ಪಿಡಿ ತೊಂದರೆಯಾ?

ಅಲ್ಲ, ಅದು ಬೂಷ್ಟು ಇರಬಹುದು. ಸಕಲೇಶಪುರ, ಮೂಡಿಗೆರೆ ಕಡೆಯ ಥಂಡಿಗೆ ಕ್ಯಾಮೆರಾ ಲೆನ್ಸಿಗೆ ಹಿಡಿಯುವ ಬೂಷ್ಟು ಇದಕ್ಕೂ ಹಿಡಿಯುತ್ತದೆ. ಐ ಟ್ರ್ಯಾಕಿಂಗ್ ಕ್ಯಾಮೆರಾ ಮಬ್ಬಾದರೆ ಅಳತೆಯೂ ಕೆಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒಣಗಲಿ ಅಂತ ಬಿಸಿಲಿಗೆ ಮಾತ್ರ ಇಡಬೇಡಿ. ಲೆನ್ಸ್ ಬಿಸಿಲನ್ನು ಒಂದೇ ಕಡೆ ಸೇರಿಸಿ ಒಳಗಿನ ಪರದೆ ಸುಟ್ಟುಬಿಡುತ್ತದೆ.

ಅಂಗಡಿಗೆ ಬಂದರೆ ಅಳೆದು ಕೊಡುತ್ತೀರಾ?

ಖಂಡಿತ. ಕನ್ನಡಕ ಮಾಡಿಸದಿದ್ದರೂ ಪರವಾಗಿಲ್ಲ, ದುಡ್ಡು ಬೇಡ. ಹೆಡ್‌ಸೆಟ್ಟನ್ನೂ ತನ್ನಿ, ಅದರ ಅಳತೆ ನನ್ನ ಅಳತೆಗೆ ಹೊಂದುತ್ತದಾ ಅಂತ ಒಟ್ಟಿಗೆ ನೋಡೋಣ. ಚೀಟಿಯಲ್ಲಿ ಒಟ್ಟು ಪಿಡಿ, ಎಡ, ಬಲ ಮೂರೂ ಬರೆದು ಕೊಡುತ್ತೇನೆ. ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲಾದರೂ ಯಾರಾದರೂ ನಿಮ್ಮ ತಲೆಗೆ ಹೆಡ್‌ಸೆಟ್ ಹಾಕಲು ಬಂದರೆ, ಹಾಕುವ ಮೊದಲು ಆ ಸಂಖ್ಯೆ ತೋರಿಸಿ.